ನಲವತ್ತೇಳನೇ ಸಾಲು

ನೊಣಕ್ಕೆ ಬಿನ್ನಾಯ ಹೇಳುವ ಹೊಲ ಇದು.
ಡೋಣಿ ದಂಡೆಯ ಎರೆಭೂಮಿಯಲ್ಲಿ
ಒಣಮೀನಿನ ಪುಡಿ ಉಗ್ಗುತ್ತ ನಡೆದರೆ
ಊರ ನಾಯಿಗಳೆಲ್ಲ ನಮ್ಮ ಹಿಂದೆ.
ಸಂಜೆ ತಾಳಿಕೋಟಿ ಬಸ್ಸಿನಲ್ಲಿ
ನನ್ನ ಪಕ್ಕ ಯಾರೂ ಕೂರಲಿಲ್ಲ.
"ಏನಬೇ, ಸಮುದ್ರಾನ ಹೊತಗೊಂಡ ಬಂದಿಯೇನ?"
ಅಂದ ಕಂಡಕ್ಟರು.
ನಮಗೆಲ್ಲಿಯ ಸಮುದ್ರ.
ಡೋಣಿ ನೀರು ಉಪ್ಪು, ಅಷ್ಟೇ.

ಮೊದಲು ಬಿತ್ತಿದ್ದು ಸೋಲುವ ತಳಿ,
ಇಪ್ಪತ್ತು ದಿನ ಮುಂಚೆ, ನಡುನಡುವೆ ಒಂದೊಂದು ಪಟ್ಟಿ,
ಸುಳಿನೊಣದ ಸಂಸಾರ ಬೆಳೆಯಲೆಂದು.
ಹೊನವಾಡ ಮೇಡಂ ಅದಕ್ಕೆ 'ಕರೆಯುವ ಸಾಲು' ಅನ್ನುತ್ತಾರೆ.
ಶಾರವ್ವನ ಬಾಯಲ್ಲಿ ಅದು 'ಪಾಪದ ಸಾಲು'.
ಆಮೇಲೆ ಬಂದವು ಪರೀಕ್ಷೆಯ ಜೋಳಗಳು,
ಅರವತ್ತು ಚೀಟಿ, ಅರವತ್ತು ನಂಬರು.
ಯಾವುದು ಯಾರ ಮನೆಯದೋ ಗೊತ್ತಿಲ್ಲ.
ನಲವತ್ತೇಳು ಗೊತ್ತು.
ಚಿಗವ್ವ ಗುರುಸಂಗವ್ವ ಹಳೇ ಕುಬಸದ ತೋಳು ಹರಿದು
ಎರಡೂ ಬಾಯಿ ಗಂಟು ಹಾಕಿ
ಬೂದಿ, ಬೇವಿನೆಲೆ ಬೆರೆಸಿ ಇಟ್ಟಿದ್ದ ಬೀಜ.
"ಇದಕ್ಕೇನಂತಾರಬೇ?" ಅಂತ ಕೇಳಿದೆ.
"ಜ್ವಾಳ" ಅಂದಳು.

ಹದಿನಾಲ್ಕನೇ ದಿನ.
ಮೊಣಕಾಲೂರಿ ಎಲೆ ಮಗುಚುವುದು ನನ್ನ ಕೆಲಸ.
ಒಂದೆಲೆಗೆ ಒಂದೇ ತತ್ತಿ, ಬೆಳ್ಳಗೆ,
ನುಚ್ಚಿನ ಚೂರಿಗಿಂತ ಸಣ್ಣದು.
ಹುಳು ಹೊರಡುವುದು ನಸುಕಿನಲ್ಲಿ.
ಸುಳಿಯೊಳಗೆ ನಿಂತ ಇಬ್ಬನಿಯ ಮೇಲೆ ಜಾರಿ
ಬುಡಕ್ಕಿಳಿದು ಕೊಯ್ಯುತ್ತದೆ.
ಸುತ್ತಲ ಎಲೆಯೆಲ್ಲ ಹಸಿರೇ ಇರುತ್ತವೆ,
ನಡುವಿನದೊಂದು ಕಣಿಕೆಯ ಬಣ್ಣ.
ಎರಡು ಬೆರಳಲ್ಲಿ ಎಳೆದರೆ ತಕರಾರಿಲ್ಲದೆ ಬರುತ್ತದೆ,
ತುದಿಗೆ ಕೊಳೆತ ನಾತ.
ಕರೆಯುವ ಸಾಲಿನಲ್ಲಿ ನೂರಕ್ಕೆ ಎಂಬತ್ತೊಂದು ಹೀಗೆ ಬಂದವು.
ಬರೆಯುವ ಪೆನ್ನಿಗೂ ವಾಸನೆ ಹತ್ತಿತು.

ನಲವತ್ತೇಳರ ಎಲೆ ಮಗುಚಿದೆ.
ಕಣ್ಣಿಗೆ ಏನೂ ಇಲ್ಲ. ಬೆರಳಿಗೆ ಇತ್ತು:
ಎರಡು ದಿನದ ಗಡ್ಡದಂಥ ಜುಂಗು.
ಮೇಲ್ಮೈ ಎಣ್ಣೆ ಸವರಿದ ಹಾಗೆ ಮಿಂಚು,
ಇಬ್ಬನಿ ಅಲ್ಲಿ ಕಾಲೂರುವುದಿಲ್ಲ.
ನೊಣ ಬಂತು, ಕೂತಿತು, ಅತ್ತಿತ್ತ ಸರಿಯಿತು,
ಹೆಣ್ಣು ನೋಡಲು ಬಂದು
ಚಹಾ ಕುಡಿಯದೆ ಎದ್ದವರ ಹಾಗೆ
ಹೊರಟೇ ಹೋಯಿತು.

ಏಳು. ಎಂಟು.
ಬದುವಿನ ಪಕ್ಕ ಮತ್ತೊಂದು:
ಸುಳಿ ಪೂರ್ತಿ ಒಣಗಿಲ್ಲ, ತುದಿ ಬಾಡಿದೆ.
ಬಿಸಿಲಿಗಿರಬೇಕು ಅಂದುಕೊಂಡೆ.
ಶಾರವ್ವ ಆಚೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು,
ಮೇಡಂ ಜೀಪಿನ ಹತ್ತಿರ, ಕಿವಿಗೆ ಫೋನು.
ಎಂಟು ಅಂತ ಬರೆದರೆ
ಜೋಳವೇನು ಎದ್ದು ಸಾಕ್ಷಿ ಹೇಳುತ್ತದೆಯೇ?
"ಸುಳ್ಳು ಅಳತಿಗೆ ಸೇರಿಗೇ ಹುಳ ಬೀಳತಾವ"
ಅಂತ ಬೈಯುತ್ತಿದ್ದವಳು ಇದೇ ಬೀಜ ಕೊಟ್ಟವಳು.
ಎಳೆದೆ.
ಬಂತು. ನಾತ ಸಮೇತ.
ಒಂಬತ್ತು.

ಇಪ್ಪತ್ತೆಂಟನೇ ದಿನ ಮತ್ತೆ ಎಣಿಕೆ.
ಆ ಒಂಬತ್ತನೆಯದರ ಬುಡದಲ್ಲಿ
ಎರಡು ಮರಿ ಎದ್ದಿದ್ದವು, ಗೇಣುದ್ದ.
ಅದಕ್ಕೆ ವಹಿಯಲ್ಲಿ ಅಂಕಣವಿಲ್ಲ.
ಅಂಚಿಗೆ ಪೆನ್ಸಿಲ್ಲಿನಲ್ಲಿ ಎರಡು ಗೀರು ಎಳೆದೆ.
ಮೇಡಂ ನೋಡಿದರು, ಅಳಿಸಲಿಲ್ಲ.
"ಇನ್ನೂ ಎರಡು ವರ್ಷ, ಬೇರೆ ಬೇರೆ ಮಣ್ಣು ಬೇಕು," ಅಂದರು,
"ತೆನೆ ಸಣ್ಣದಾದರೆ ಯಾರೂ ಒಲ್ಲರು.
ನಿಮ್ಮ ಚಿಗವ್ವನ ಹತ್ರ ಇನ್ನೊಂದಿಷ್ಟು ಬೀಜ ಸಿಕ್ಕೀತಾ?"

ರಾತ್ರಿ ಒಲೆಯ ಮುಂದೆ ಎಲ್ಲ ಹೇಳಿದೆ,
ನೂರಕ್ಕೆ ಒಂಬತ್ತು ಅಂತ.
ಚಿಗವ್ವ ರೊಟ್ಟಿ ತಿರುವಿ ಹಾಕಿ ಕೇಳಿದಳು:
"ಉಳದ ತೊಂಬತ್ತೊಂದು ಹೆಂಗದಾವ?"
ನಾನು ತಡವರಿಸಿದೆ.
ಇಷ್ಟು ದಿನ ಸತ್ತದ್ದನ್ನೇ ಎಣಿಸಿದವಳು ನಾನು.
"ಅದಾವ" ಅಂದೆ, "ಚಂದ ಅದಾವ."

ಅವಳೆದ್ದು ಅಟ್ಟಕ್ಕೆ ಕೈಹಾಕಿ
ಕುಬಸದ ಇನ್ನೊಂದು ತೋಳು ಇಳಿಸಿದಳು.
"ಅರ್ಧಾ ಒಯ್ಯಿ" ಅಂದಳು.
"ಅರ್ಧಾ ನನಗಿರಲಿ."