ಸೋರದ ಮೂಲೆ

ನಜರ್‌ಬಾದಿನ ಆಟೋ ಸ್ಟ್ಯಾಂಡಿನಲ್ಲಿ ನಿಂತು
ನನ್ನದೇ ಹೆಸರನ್ನು ಫೋನಿನಲ್ಲಿ ಒತ್ತಿ ನೋಡಿದೆ,
ಗೊತ್ತಿಲ್ಲದ ಗಿರಾಕಿಯ ಹಾಗೆ.
ವೆಬ್‌ಸೈಟು ತೆರೆಯಲು ಹನ್ನೊಂದು ಸೆಕೆಂಡು.
ಅಷ್ಟರಲ್ಲಿ ಎಳನೀರಿನವ ಮೂರೇ ಏಟಿಗೆ
ಕಾಯಿ ಕೆತ್ತಿ ಯಾರದೋ ಕೈಗಿಟ್ಟಿದ್ದ.

ಮೊದಲು ಬರೀ ಬಿಳಿ. ಆಮೇಲೆ ನನ್ನ ಮುಖ,
ಆರು ವರ್ಷ ಹಿಂದಿನದು. ಕೈಕಟ್ಟಿ ನಿಂತಿದ್ದೇನೆ
ನಾನು ಮುಟ್ಟಿಯೂ ನೋಡದ ಕಂಬವೊಂದರ ಪಕ್ಕ.
ಕೆಳಗೆ ದಪ್ಪ ಅಕ್ಷರ: ಪರಂಪರೆಗೆ ಹೊಸ ಉಸಿರು.
ಯಾರು ಬರೆದದ್ದು ಇದನ್ನ?
ನಾನೇ.

ಹಳೇ ಮನೆಗಳ ರಿಪೇರಿ ನನ್ನ ಕಸುಬು.
ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಕೋಟೆ ಸುತ್ತಿನ ಓಣಿಗಳು,
ಮದ್ರಾಸ್ ತಾರಸಿ, ತೇಗದ ತೊಲೆ, ಸುಣ್ಣದ ಗೋಡೆ,
ಗೋಡೆಯೊಳಕ್ಕೆ ಯಾರೋ ತುರುಕಿ ಹೋದ ಸಿಮೆಂಟಿನ ಪಾಪ.

ಊಟದ ಹೊತ್ತಲ್ಲಿ ಮೇಸ್ತ್ರಿ ಮಾದಯ್ಯನಿಗೆ ತೋರಿಸಿದೆ.
ಕೈ ಒರೆಸಿಕೊಂಡು, ಫೋನನ್ನು ತಟ್ಟೆಯಂತೆ ಹಿಡಿದು ನೋಡಿದ.
"ಚೆಂದಾಗದೆ ಕನಕ್ಕ. ಎಲ್ಲಾ ಮನೇನೂ ಒಸದಾಗೇ ಅವೆ.
ನೀವೇನು ಮಾಡುದ್ರಿ ಅನ್ನೋದೊಂದು ಗೊತ್ತಾಗಕಿಲ್ಲ."
ಸ್ವಲ್ಪ ಹೊತ್ತು ಬಿಟ್ಟು, ಉಪ್ಪಿನಕಾಯಿ ನೆಕ್ಕುತ್ತಾ,
"ಆ ಮಲ್ಲಾಜಮ್ಮೋರ ಮನೆ ಎಲ್ಲದೆ?"

ಇಲ್ಲ. ಅದು ಇದರಲ್ಲಿಲ್ಲ.
ಒಂಟಿಕೊಪ್ಪಲಿನ ಆ ಮನೆಯಲ್ಲಿ ನಾವು ಮಾಡಿದ್ದು ಇಷ್ಟೇ:
ಹತ್ತೊಂಬತ್ತು ವರ್ಷ ಸೋರಿದ ಒಂದು ಮೂಲೆ
ಸೋರದ ಹಾಗೆ ಮಾಡಿದ್ದು.
ಮೂರು ತಿಂಗಳು. ಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು,
ಅದರ ಹುಳಿವಾಸನೆಗೆ ಬಂದ ನೊಣ,
ನೊಣದ ಹಿಂದೆಯೇ ಬಂದ ಪಕ್ಕದ ಮನೆಯವರ ತಕರಾರು.
ಮುಗಿದ ಮೇಲೂ ಮೂಲೆ ಮೂಲೆಯಂತೆಯೇ ಇತ್ತು.
ಸೋರದಿರುವುದರ ಫೋಟೋ ತೆಗೆಯುವುದು ಹೇಗೆ?
ಆ ವರ್ಷದ ಮೊದಲ ಜಡಿಮಳೆಗೆ ಮಲ್ಲಾಜಮ್ಮ ಫೋನ್ ಮಾಡಿ
"ಬಕೆಟ್ಟು ವಾಪಸ್ ಬಚ್ಚಲಿಗೆ ಹೋಯ್ತು ನೋಡು" ಅಂದಿದ್ದರು.
ಅಷ್ಟೇ ಸರ್ಟಿಫಿಕೇಟು.

ರಾತ್ರಿ ಕೂತೆ.
ಮೂವತ್ತೆಂಟು ಚಿತ್ರಗಳಲ್ಲಿ ಹದಿಮೂರು ಉಳಿದವು.
ಕೈ ತಡೆದದ್ದು ಬಹುಮಾನ ಬಂದ ಹೋಟೆಲಿನದಕ್ಕೆ.
ಬೆಳಕು ಚೆನ್ನಾಗಿದೆ, ಎಲ್ಲರೂ ಮೆಚ್ಚಿದ್ದು.
ಆದರೆ ಅಲ್ಲಿದ್ದ ಕೆಂಪು ಗಾರೆಯ ನೆಲವನ್ನು
ಮಾಲೀಕ ಅಂದನೆಂದು ಕೀಳಿಸಿದವಳು ನಾನು.
ಅಳಿಸಿದೆ. ನೀರು ಕುಡಿದು ಬಂದು ವಾಪಸ್ ಹಾಕಿದೆ.
ಕೆಳಗೊಂದು ಸಾಲು: ಈ ನೆಲವನ್ನು ಉಳಿಸಬಹುದಿತ್ತು.
ಓದಿದ ಗಿರಾಕಿ ಓಡಿಹೋದರೆ ಹೋಗಲಿ.

ಆಮೇಲೆ ಎಣಿಸಿದೆ.
'ನಾನು' ಇಪ್ಪತ್ತೆರಡು ಸಲ. ಮಾದಯ್ಯ, ಸೊನ್ನೆ.
ಒಂದು ಪಾಲು ಸುಣ್ಣಕ್ಕೆ ಎಷ್ಟು ಮರಳು
ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.
ಇಲ್ಲಿ ಮಾತ್ರ ಬರೀ ಸುಣ್ಣ ಬಳಿದಿದ್ದೆ.
ಬಿರುಕು ಬಿಡದೆ ಇನ್ನೇನಾದೀತು?

ಪರಂಪರೆಯನ್ನೂ ಉಸಿರನ್ನೂ ಕರಣೆಯಲ್ಲಿ ಕೆರೆದ ಹಾಗೆ ಕೆರೆದು
ಆ ಜಾಗಕ್ಕೆ ಹಾಕಿದೆ:
ನಿಮ್ಮ ಹಳೇ ಮನೆ ಸೋರುತ್ತಿದೆಯೇ? ಬಂದು ನೋಡುತ್ತೇವೆ.

ಭಾನುವಾರ ಒಂಟಿಕೊಪ್ಪಲಿಗೆ ಹೋದೆ.
"ಏನಿದೆ ಅಂತ ತೆಗೀತೀಯೆ?" ಎನ್ನುತ್ತಲೇ
ಮಲ್ಲಾಜಮ್ಮ ಕುರ್ಚಿ ಸರಿಸಿದರು.
ಖಾಲಿ ಗೋಡೆ. ಕೆಳಗೆ ನೆಲದಲ್ಲಿ
ಬಕೆಟ್ಟಿನ ತಳ ಕೂತೂ ಕೂತೂ ಬಿದ್ದ ಬಿಳಿಯ ಉಂಗುರ,
ಹುಣಿಸೆಹಣ್ಣಿಗೂ ಬಗ್ಗದ್ದು.
ಅದೀಗ ಮೊದಲನೇ ಚಿತ್ರ.

ಮೂರು ಸೆಕೆಂಡಿಗೆ ತೆರೆಯುತ್ತದೆ ಈಗ.
ಸೋಮವಾರ ಮೇಸ್ತ್ರಿಗೆ ಅವರ ಹೆಸರು ತೋರಿಸಿದೆ.
ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಓದಿ, ನಕ್ಕರು.
"ಮಾದಯ್ಯ ನಮ್ಮಪ್ಪ ಕನಕ್ಕ. ತೀರ್ಕಂಡು ಒಂಬತ್ತು ವರ್ಸ ಆಯ್ತು.
ಅವರ ನಂಬರು ನನ್ನತ್ರ ಉಳೀತು.
ನೀವು ಅಂಗೇ ಕರುದ್ರಿ, ನಾನು ಅಂಗೇ ಓಗೊಟ್ಟೆ.
ನಾನು ನಿಂಗರಾಜು."

ಕರಣೆ ಕೆಳಗಿಟ್ಟು ಅವರು ಕಾದರು,
ನಾನು ತಿದ್ದುವವರೆಗೆ.