ಕೊರೆ, ಸೊರೆ, ಅರೆ

ಮಷೀನು ಬಂದದ್ದು ಗುಜರಿ ಲಾಟಿನಲ್ಲಿ,
ಪಾಚಿ ಬಣ್ಣದ ಓವರ್‌ಲಾಕು, ಮೈತುಂಬ ಚೌಕ ಚೌಕ ಅಕ್ಷರ.
ಕೆ.ಟಿ.ಜೆ. ನಗರದ ನಮ್ಮ ಶೆಡ್ಡಿನಲ್ಲಿ
ಅದನ್ನು ಮುಟ್ಟುವ ಗಂಡಸಿರಲಿಲ್ಲ.
"ಎಲ್ಲಿ ಎಣ್ಣೆ ಬಿಡಬೇಕಂತ ಬರೆದೈತೋ,
ಎಲ್ಲಿ ಕೈ ಇಟ್ರೆ ಬೆರಳು ಹೋಗ್ತಾವಂತ ಬರೆದೈತೋ,"
ಅಂದ ಮಾಲೀಕ ಕೊಟ್ರೇಶಿ.
ನಾನು ಓದ್ತೀನಿ ಅಂದೆ. ಬಾಯಿತಪ್ಪಿ.

ಜಯದೇವ ಸರ್ಕಲ್ಲಿನಲ್ಲಿ ಜೆರಾಕ್ಸ್ ಮಾಡಿಸಿದ
ನಲವತ್ತೆಂಟು ಹಾಳೆ. ಗುರುವಿಲ್ಲ, ಫೀಸಿಲ್ಲ,
ಫೇಲಾದರೆ ಬಯ್ಯುವವರೂ ಇಲ್ಲ.
ನಲ್ಲಿಯಲ್ಲಿ ನೀರು ಎಂಟು ದಿನಕ್ಕೊಮ್ಮೆ, ಅದೂ ನಸುಕಿನ ನಾಲ್ಕಕ್ಕೆ;
ಉಳಿದ ಏಳು ದಿನವೂ ಅದೇ ಹೊತ್ತಿಗೆ ಎದ್ದು
ಒಣ ಕೊಡಗಳ ಪಕ್ಕ ಕೂತೆ.
ದಿನಕ್ಕೆ ಹತ್ತು ಅಕ್ಷರ. ಬಟ್ಟೆಗೆ ಗೆರೆ ಎಳೆದು ಸವೆದ ಸುಣ್ಣದ ಬಿಲ್ಲೆ,
ನೆಲವೇ ಸ್ಲೇಟು.

ಅ ಇ ಉ ಎ ಒ.
ಅಯ್ಯ, ಇದು ನಮ್ಮದೇ ಓಣಿ.
ಕ ಕಿ ಕು ಕೆ ಕೊ,
ಕಾಗುಣಿತವನ್ನು ಒಗೆದು ಒಣಹಾಕಿದಾಗ ಕುಗ್ಗಿದ ಹಾಗೆ.
ಶಿ ಒಂದು ಕ್ರೋಶಾ ಕಡ್ಡಿ. ನೊ, ಎಣ್ಣೆಗೆ ಬಿಟ್ಟ ಜಿಲೇಬಿಯ ಮೊದಲ ಸುತ್ತು.
ನು ಮತ್ತು ಮೆ ಅವಳಿಜವಳಿ, ಒಂದರ ಬಾಲಕ್ಕೆ ಮಾತ್ರ ಗಂಟು;
ಗಂಟು ಹಾಕದೆ ಹೊಲಿಯಲು ಕೂತವಳಂತೆ
ದಿನಾ ಅಲ್ಲೇ ಬಿಚ್ಚಿಕೊಂಡೆ.

ಸೂಜಿಗೆ ಅಲ್ಲಿ 'ಹರಿ' ಅನ್ನುತ್ತಾರೆ. ನಗು ಬಂತು.
ಇಲ್ಲಿ ಹರಿದ ಮೇಲಲ್ಲವೇ ಸೂಜಿ?
ಕ್ರಿಯಾಪದ ಕೊನೆಗೇ ಬರುತ್ತದೆ, ನಮ್ಮಲ್ಲಿಯ ಹಾಗೆ,
ಎಲ್ಲರ ಊಟವಾದ ಮೇಲೆ ತಟ್ಟೆ ಹಾಕಿಕೊಳ್ಳುವವಳು.

ಜೂನಿನಲ್ಲಿ ಬಿಟ್ಟುಹೋಯಿತು.
ಯೂನಿಫಾರ್ಮು, ಆರುನೂರು ನೀಲಿ ಲಂಗ.
ಹತ್ತೊಂಬತ್ತು ದಿನ ಓದಲು ಸುಣ್ಣ ಹಿಡಿಯಲಿಲ್ಲ.
ಇಪ್ಪತ್ತನೇ ದಿನ ಕೂತರೆ
ಹ ಹೊ ಆಗಿತ್ತು, ರ ಬರೀ ಐದಂಕಿಯಾಗಿತ್ತು,
ನು ಇರಲಿ, ಮೆ ಕೂಡ ಗುರುತು ಹಿಡಿಯಲಿಲ್ಲ ನನ್ನ.
ಹಾಳೆಗಳನ್ನು ದಾರದುಂಡೆಗಳ ಡಬ್ಬಿಗೆ ತುರುಕಿದೆ.

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದರು
ಗುರುಶಾಂತಪ್ಪ ಮೇಷ್ಟ್ರು. ಡಬ್ಬಿಯಿಂದ ಇಣುಕಿದ ಹಾಳೆ ಎಳೆದು,
"ಏನವ್ವ ಇದು, ರಂಗೋಲಿನಾ?"
ಹೇಳಿದೆ: ಕೊರೆ ಅಂದರೆ ಕೊರೆಯೋದಲ್ಲ ಸಾರ್, ನನ್ನ ಹತ್ತಿರ ಇರೋದು.
ಅರೆ ಅಂದರೆ ಖಾರ ಅರೆಯೋದಲ್ಲ, ಇಬ್ಬರಿಗೂ ದೂರ ಇರೋದು.
ಸೊರೆ ಸೋರೆಕಾಯಲ್ಲ. ನಿಮ್ಮ ಹತ್ತಿರ ಇರೋದು.
ನಮ್ಮಲ್ಲಿ ಇದು, ಅದು, ಎರಡೇ.
ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು.
"ಹಳಗನ್ನಡದಾಗೆ ಇತ್ತವ್ವ ಮೂರನೇದು.
ಇದಕ್ಕೂ ಅದಕ್ಕೂ ನಡುವೆ, ಉದು."
ಎಲ್ಲಿ ಹೋಯ್ತು ಸಾರ್?
"ಎಲ್ಲಿಗೆ ಹೋಗುತ್ತೆ? ಯಾರೂ ಬಳಸಲಿಲ್ಲ."

ಅವರು ಹೋದ ಮೇಲೂ ಕತ್ತರಿಸಿದ ತುಂಡು
ಟೇಬಲ್ಲಿನ ಮೇಲೇ ಇತ್ತು, ಎರಡು ಇಂಚಿನ ಬೂದು ಬಟ್ಟೆ.
ಮರುದಿನ ನಾಲ್ಕಕ್ಕೆ ಎದ್ದೆ.
ಅ ಇಂದ.

ದೀಪಾವಳಿ ಬಂದರೂ ಚೌಕದವು ಒಲಿದಿಲ್ಲ.
ಒಂದು ಮಾತ್ರ ಗೊತ್ತು: ಎಡಕ್ಕೆ ಮೂರು ಹನಿ, ಬಲಕ್ಕೊಂದು ಕಿಟಕಿ, ಎಣ್ಣೆ.
ಆ ತೂತಿಗೆ ಎಣ್ಣೆ ಬಿಟ್ಟೆ. ಮಷೀನು ಕೆಮ್ಮಿ, ಹಾಡಿ, ಓಡಿತು.
ಕೊಟ್ರೇಶಿ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದ.

ಮೊನ್ನೆ ಬೆಲ್ಟು ಬದಲಿಸಲು ಅಡ್ಡ ಮಲಗಿಸಿದಾಗ
ಹೊಟ್ಟೆಯ ಕೆಳಗೆ, ಗ್ರೀಸಿನ ಹಿಂದೆ, ಮಾರ್ಕರಿನಲ್ಲಿ ಮೂರು ಅಕ್ಷರ.
ದುಂಡಗಿನವು. ನನಗೆ ಬರುವಂಥವು.
ಯು.
ಕಿ.
ಎ.
ಓದಿ ಮುಗಿಸಿ ಅರ್ಥಕ್ಕೆ ಕಾದೆ.
ಅರ್ಥ ಬರಲಿಲ್ಲ; ಯಾರದೋ ಹೆಸರು.
ಅವಳಿಗೂ ಎಡಗೈ ತೋರುಬೆರಳಲ್ಲಿ
ಸೂಜಿ ಹೊಕ್ಕ ಕಲೆ ಇದ್ದೀತು.

ಅದರ ಕೆಳಗೆ ನನ್ನದನ್ನು ಬರೆಯಲು ಕೂತೆ.
ಹಾಲಮ್ಮ.
ಆ ಭಾಷೆಯಲ್ಲಿ ಲ ಇಲ್ಲ, ರ ಹಾಕಬೇಕು.
ಹಾರಮ್ಮ.
ಸ್ವಲ್ಪ ಹೊತ್ತು ನೋಡಿದೆ.
"ಏನಂತ ಐತವ್ವ ಅಲ್ಲಿ?" ಕೊಟ್ರೇಶಿ ಬಗ್ಗಿ ಕೇಳಿದ.
"ಬೆಲ್ಟು ಬಿಗಿ ಮಾಡಬ್ಯಾಡ್ರಿ ಅಂತ," ಅಂದೆ.