ಹಿಗ್ಗು

ಇಪ್ಪತ್ತೆರಡನೆಯ ವಾರ. ಅಂಕೂದ್ ಆಸ್ಪತ್ರೆ.
ಬಸ್ಸಿನ ದರ, ಆಲೂಗೆಡ್ಡೆಯ ಬೆಲೆ ಎಂದು
ಬಾಯಿ ಮುಚ್ಚದೆ ಆಡುತ್ತಿದ್ದ ಒರಿಯಾನಾ
ಪರದೆಯ ಕಡೆ ಕತ್ತು ಚಾಚಿ ಸುಮ್ಮನಾದಳು.
ಎರಡು ಚುಕ್ಕಿ ಇಟ್ಟಳು. ನಡುವೆ ಒಂದು ಗೆರೆ.
ಎಡಗಡೆ ಕಿಡ್ನಿಯ ಬಟ್ಟಲು
ಸ್ವಲ್ಪ ಹಿಗ್ಗಿದೆ, ಅಂದಳು. ಏಳು ಮಿಲಿಮೀಟರ್.

ಹಿಗ್ಗಿದೆ.
ಕೂಸು ನಿಂತಿತೆಂದು ತಿಳಿದ ದಿನ
ನಾನೂ ಯಾಸ್ನಾಳೂ ಹಿಗ್ಗಿದ್ದೆವು.
ಅದನ್ನು ಯಾರೂ ಅಳೆದಿರಲಿಲ್ಲ.

ನಾನು ಚಕಾವೊ ಜಲಸಂಧಿಯ ಫೆರ್ರಿಯಲ್ಲಿ ಹಗ್ಗ ಕಟ್ಟುವವನು.
ನನ್ನ ಲೆಕ್ಕವೆಲ್ಲ ಮೀಟರಿನದು.
ಇಲ್ಲಿಯ ನೀರು ಇಳಿಯುವಾಗ ದೋಣಿಗಳನ್ನು
ಕೆಸರಿನ ಮೇಲೆ ಮಗ್ಗುಲಾಗಿ ಮಲಗಿಸಿ ಹೋಗುತ್ತದೆ,
ಆರು ತಾಸಿಗೆ ಬಂದು ಎತ್ತಿ ನಿಲ್ಲಿಸುತ್ತದೆ.
ಏಳು ಮಿಲಿಮೀಟರ್ ನೀರು
ನನ್ನ ಬೂಟಿನ ಅಟ್ಟೆಯನ್ನೂ ದಾಟದು.
ಅಷ್ಟರಲ್ಲಿ ಹದಿನೆಂಟು ವಾರ ಮುಳುಗಿದ್ದೆ.

ಅತ್ತೆ ಎಡುವಿನಾ ಕಾರಣ ಹುಡುಕಿದಳು:
ಬಸುರಿ ಹೆಂಗಸು ಚಿಪ್ಪಿನ ಕಾರ್ಖಾನೆಯಲ್ಲಿ
ತಣ್ಣೀರಲ್ಲಿ ನಿಂತರೆ ಇನ್ನೇನಾದೀತು.
ಯಾಸ್ನಾ ಕತ್ತಲಲ್ಲಿ ಕೇಳಿದಳು,
ನಾನು ನೀರು ಕುಡಿದದ್ದು ಹೆಚ್ಚಾಯಿತಾ, ಕಡಿಮೆಯಾಯಿತಾ?
ಎರಡೂ ಅಲ್ಲ ಅಂದಿದ್ದಳಲ್ಲ ಒರಿಯಾನಾ,
ಎಷ್ಟೋ ಕೂಸುಗಳಿಗೆ ಹೀಗಾಗುತ್ತದೆ,
ಬಹುಪಾಲು ತಾನಾಗಿ ಇಳಿಯುತ್ತದೆ.
ಯಾಸ್ನಾಳ ಕಿವಿಗೆ ಬಿದ್ದದ್ದು ಬಹು.
ನನ್ನ ಕಿವಿಯಲ್ಲಿ ನಿಂತದ್ದು
ಉಳಿದ ಪಾಲು.

ಮೂವತ್ತೆರಡಕ್ಕೆ ಹನ್ನೊಂದು.

ಹುಟ್ಟಿದ. ಅತ್ತ. ಅಮಾದೋರ್ ಎಂದು ಕರೆದೆವು.
ಎರಡು ದಿನ ಸ್ಕ್ಯಾನ್ ಬೇಡ, ಅಂದರು ಡಾಕ್ಟರು,
ಹೊಸ ಕೂಸಿನ ಮೈಯಲ್ಲಿ ನೀರು ಕಡಿಮೆ,
ಬಟ್ಟಲು ಬರಿದೆಂದು ಸುಳ್ಳು ಹೇಳುತ್ತದೆ.
ಇಳಿತದ ಹೊತ್ತಲ್ಲಿ ಆಳ ಅಳೆದ ಹಾಗೆ, ಅಂದೆ.
ಅವರು ಮೊದಲ ಸಲ ನನ್ನ ಮುಖ ನೋಡಿದರು.
ಹಾಗೇ, ಅಂದರು. ಅಲ್ಲಿಯತನಕ ಧಾರೆ ನೋಡಿ,
ತೊಟ್ಟಿಕ್ಕುತ್ತದೋ, ಚಿಮ್ಮುತ್ತದೋ.

ಬಿರುಗಾಳಿಗೂ ಕಣ್ಣು ಮುಚ್ಚದ ನಾನು
ಅಂಗೈಯಗಲದ ಬಟ್ಟೆ ಬಿಚ್ಚಿಟ್ಟು
ಒಂದು ಗೇಣು ಮೈಯನ್ನು ಕಾಯುತ್ತ ಕೂತೆ.
ಚಿಮ್ಮಿತು.
ನನ್ನ ತೋಳಿಗೆ, ಗೋಡೆಗೆ,
ಅತ್ತೆ ತಂದಿಟ್ಟ ಸಂತ ಅಂತೋನಿಯ ಪಟಕ್ಕೆ.
ಅತ್ತೆ ಅದನ್ನು ಬೆಳಗಿನತನಕ ಒರೆಸಲಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು.

ನಾಲ್ಕನೆಯ ತಿಂಗಳು ಜ್ವರ.
ದಿನವೂ ಸಂಜೆ ಸಿರಿಂಜಿನಲ್ಲಿ ಹನಿಸಿದ ಗುಲಾಬಿ ಔಷಧ
ಮೂತ್ರದ ಸೋಂಕನ್ನು ತಡೆದಿರಲಿಲ್ಲ.
ದೊಡ್ಡ ಆಸ್ಪತ್ರೆ ಆಚೆ ದಡದಲ್ಲಿ, ಗಾಳಿ ಉತ್ತರದ್ದು, ಬಂದರು ಬಂದ್.
ನಾನೇ ಬಿಗಿದ ಹಗ್ಗವನ್ನು
ನಾನೇ ಬಿಚ್ಚಲಾಗದ ರಾತ್ರಿ.
ಅಂಕೂದಿನ ನರ್ಸು ಎಳೆಯ ಕೈಯಲ್ಲಿ ನರ ಹುಡುಕಿ
ಮೂರನೆಯ ಸಲಕ್ಕೆ ಸೂಜಿ ಕೂರಿಸಿದಳು.
ಅವಳ ಹೆಸರು ಕೇಳಲು ಮರೆತೆ.

ಈಗ ಹದಿನಾಲ್ಕು ತಿಂಗಳು.
ಮತ್ತೆ ಆ ಎರಡು ಚುಕ್ಕಿ, ಆ ಗೆರೆ.
ಏಳು, ಅಂದಳು ಒರಿಯಾನಾ. ಅದೇ ಏಳು.
ಆದರೆ ಕಿಡ್ನಿ ಬೆಳೆದಿದೆ ಅದರ ಸುತ್ತ,
ಆಗ ಏಳು ಅಂದರೆ ಅರ್ಧ ಮನೆ,
ಈಗ ಒಂದು ಕಿಟಕಿ.
ಪೂರ್ತಿ ಹೋಗುತ್ತದಾ? ಯಾಸ್ನಾ ಕೇಳಿದಳು.
ನೋಡೋಣ, ಅಂದಳು, ಆಲೂಗೆಡ್ಡೆಯ ಬೆಲೆಗೆ ಹೊರಳಿದಳು.
ಆ ಬೆಲೆ ಕೇಳಿ ನಾನು ಎಷ್ಟು ಹಿಗ್ಗಿದೆನೋ.

ಮುಂದಿನ ಸ್ಕ್ಯಾನು ಮಾರ್ಚಿಗೆ.
ಅಮಾದೋರ್ ಬಾಗಿಲ ಬಳಿ ಕೂತು
ನನ್ನ ಬೂಟಿಗೆ ಲೋಟದಲ್ಲಿ ನೀರು ತುಂಬುತ್ತಿದ್ದಾನೆ.